‘ಚಂದ್ರಗಿರಿಯ ತೀರದಲ್ಲಿ’: ಒಂದು ವಿಮರ್ಶೆ

ಮಂಗಳೂರಿನಲ್ಲಿ ನೆಲಸಿದ್ದ ಸಾರಾ ಅಬೂಬಕ್ಕರ್ ಅವರ ಈ ಕಾದಂಬರಿಯನ್ನು (೧೯೮೪) ಕೇವಲ ತಲಾಖಿನ ಖಂಡನೆಯೆಂದು ಗ್ರಹಿಸುವುದು ವಾಡಿಕೆ. ಆ ಗ್ರಹಿಕೆ ಅಪೂರ್ಣವಾದುದು. ಕಾಸರಗೋಡು ಸೀಮೆಯ ನಾದಿರಾ ಪತಿಯಾದ ರಶೀದನನ್ನು ಅಗಲುವುದು ತಂದೆಯಾದ ಮಹಮ್ಮದ್ ಖಾನನ ಹಠದಿಂದ. ಪುನಃ ಪತಿಯನ್ನು ಸೇರಬೇಕಾದರೆ ಅನ್ಯನನ್ನು ವರಿಸಿ, ಒಂದು ರಾತ್ರಿ ಅವನೊಡನಿದ್ದು, ಅವನಿಂದ ತಲಾಖ್ ಪಡೆಯಬೇಕು. ಆಕೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ತನ್ನದೆಂಬ ಆಶ್ರಯವಿಲ್ಲದವಳಿಗೆ ಒಲ್ಲೆನೆನ್ನುವ ಶಕ್ತಿಯೆಲ್ಲಿಯದು?

ಬಹುಪತ್ನೀತ್ವದ ಮೂಲವೂ ಇದೇ. ಸವತಿ ಬಂದಾಗ ಹಳ್ಳಿಯ ಹೆಂಡತಿ ಮೌನವಾಗುವುದು ಶಾಸ್ತ್ರಭಯಕ್ಕಿಂತ ಹೆಚ್ಚಾಗಿ ನಿರಾಶ್ರಯದ ಭಯದಿಂದ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಸ್ತ್ರೀಗೆ ತಾಯಿಯ ಕುಟುಂಬದಲ್ಲಿಯೇ ಜೀವನಾಂಶದ ಹಕ್ಕಿದ್ದುದರಿಂದ, ಪತಿ ಮತ್ತೊಬ್ಬಳನ್ನು ತಂದರೂ ಆಕೆಯ ನೆಲೆ ತಪ್ಪುತ್ತಿರಲಿಲ್ಲ. ಮದರಾಸು ಪ್ರಾಂತವು ೧೯೪೯ರಲ್ಲಿ ಹಿಂದೂಗಳ ದ್ವಿಪತ್ನೀತ್ವವನ್ನು ನಿಷೇಧಿಸಿತು. ತತ್ಕ್ಷಣದ ಮುತ್ತಲಾಖ್ ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಅಸಿಂಧುವಾಗಿ ೨೦೧೯ರಲ್ಲಿ ಅಪರಾಧವಾಯಿತು. ಮುಸಲ್ಮಾನರ ವೈಯಕ್ತಿಕ ಕಾನೂನಿನಲ್ಲಿ ಬಹುಪತ್ನೀತ್ವಕ್ಕೆ ಇಂದಿಗೂ ಅವಕಾಶವಿದೆ. ನಿಷೇಧ ಅವಶ್ಯಕವೇ, ಆದರೆ ಅದೊಂದೇ ಸ್ತ್ರೀಗೆ ಮನೆಯನ್ನು ಕೊಡಲಾರದು.

ಖಾನನ ಕ್ರೌರ್ಯವನ್ನು ವ್ಯಕ್ತಿದೋಷವೆಂಬಂತೆ ಚಿತ್ರಿಸಿದುದರಿಂದ ಆಚಾರದ ಹೊಣೆ ತುಸು ಹಗುರವಾಗಿದೆ. ಅದೊಂದು ನ್ಯೂನತೆ. ಆದರೂ ಹಕ್ಕಿನ ಪ್ರಶ್ನೆಯನ್ನು ಶಾಸ್ತ್ರಗ್ರಂಥದಿಂದ ಮನೆಯ ಹೊಸ್ತಿಲಿಗೆ ತಂದುದು ಈ ಕೃತಿಯ ಸ್ಥಿರವಾದ ಗುಣ.