ನಿಯಮ ಎಲ್ಲಿ ಮುರಿಯುತ್ತದೆ?

ವಾಸ್ತುಶಿಲ್ಪದ ವಿದ್ಯಾರ್ಥಿಗಳಲ್ಲಿ ಬಹಳ ಮಂದಿಗೆ, ಅಳತೆ ಬದಲಿಸಿದಂತೆ ಆಕಾರವೂ ಬದಲಾಗುವ ಪ್ಯಾರಾಮೆಟ್ರಿಕ್ ಮಾಡೆಲಿಂಗ್‌ನ ಮೊದಲ ಪರಿಚಯ ಆಗುವುದು ಗ್ರಾಸ್‌ಹಾಪರ್‌ನಿಂದ. ರೈನೋ ತಂತ್ರಾಂಶದೊಳಗೆ ಕೆಲಸ ಮಾಡುವ ಈ ಸಾಧನವನ್ನು ಡೇವಿಡ್ ರಟ್ಟನ್ 2007ರಲ್ಲಿ ರೂಪಿಸಿದರು. ಇಲ್ಲಿ ಕೋಡ್ ಬರೆಯಬೇಕಿಲ್ಲ. ಡಬ್ಬಿಗಳನ್ನು ವೈರ್‌ಗಳಿಂದ ಜೋಡಿಸಿ ಸ್ಲೈಡರ್ ಎಳೆದರೆ ಸಾಕು, ಪರದೆಯ ಮೇಲಿನ ಗೋಪುರ ತಿರುಚಿಕೊಳ್ಳುತ್ತದೆ, ಜಾಲರಿ ಹಿಗ್ಗುತ್ತದೆ. ಪ್ರೋಗ್ರಾಮಿಂಗ್ ಎಂದರೆ ಹಿಂಜರಿಯುತ್ತಿದ್ದವರನ್ನು ಗಣಕದ ಒಳಮನೆಗೆ ಕರೆತಂದ ಶ್ರೇಯ ಇದಕ್ಕೆ ಸಲ್ಲಲೇಬೇಕು. ಆದರೆ ಇದರ ಸುತ್ತ ಬೆಳೆದಿರುವ ಕಲಿಕೆಯ ರೂಢಿಯಲ್ಲಿ ಒಂದು ಮೂಲಭೂತ ಕೊರತೆಯಿದೆ. ಆಕಾರವನ್ನು ಬದಲಿಸುವುದು ಹೇಗೆಂದು ಅದು ಚೆನ್ನಾಗಿ ಕಲಿಸುತ್ತದೆ. ಆಕಾರದ ಹಿಂದಿನ ನಿಯಮಕ್ಕೆ ಹೊಣೆಯಾಗುವುದನ್ನು ಕಲಿಸುವುದಿಲ್ಲ. ಯಾವುದು ಸ್ಥಿರವಾಗಿರಬೇಕು, ಯಾವುದು ಬದಲಾಗಬಹುದು, ಯಾವ ಅಂಕೆ ದಾಟಿದರೆ ನಿಯಮವೇ ಕೈಕೊಡುತ್ತದೆ ಎಂಬ ಮೂರು ಪ್ರಶ್ನೆಗಳೇ ಈ ವಿದ್ಯೆಯ ತಿರುಳು. ಉಳಿದದ್ದೆಲ್ಲ ತಂತ್ರಾಂಶದ ಪರಿಚಯ.

ಡೊಂಕು ಗೋಪುರಗಳನ್ನು ಬಿಟ್ಟು ಒಂದು ಸಾಧಾರಣ ಮೆಟ್ಟಿಲನ್ನೇ ನೋಡೋಣ. ರೈಸರ್, ಅಂದರೆ ಒಂದು ಹಂತದ ಎತ್ತರ, 175 ಮಿಲಿಮೀಟರ್ ಮೀರಬಾರದು. ಎರಡು ರೈಸರ್ ಮತ್ತು ಒಂದು ಟ್ರೆಡ್, ಅಂದರೆ ಕಾಲಿಡುವ ಜಾಗದ ಅಗಲ, ಕೂಡಿದರೆ 630 ಆಗಬೇಕು. ನಡೆಯುವವರ ಹೆಜ್ಜೆಗೆ ಹೊಂದುವಂಥ ಈ ನಿಯಮವನ್ನು ನಾಲ್ಕೈದು ಸಾಲಿನ ಸ್ಕ್ರಿಪ್ಟ್‌ನಲ್ಲಿ ಬರೆಯಬಹುದು. ಮಹಡಿಯ ಎತ್ತರ 3150 ಇದ್ದರೆ 18 ರೈಸರ್, 280ರ 17 ಟ್ರೆಡ್, ಮೆಟ್ಟಿಲಿನ ಒಟ್ಟು ಉದ್ದ 4760. ಈಗ ಎತ್ತರವನ್ನು ಒಂದೇ ಒಂದು ಮಿಲಿಮೀಟರ್ ಏರಿಸಿ 3151 ಮಾಡಿ. 18 ರೈಸರ್ ಸಾಲುವುದಿಲ್ಲ, 19 ಬೇಕು. ರೈಸರ್ ಸುಮಾರು 166ಕ್ಕೆ ಇಳಿಯುತ್ತದೆ, ಟ್ರೆಡ್ 298ಕ್ಕೆ ಏರುತ್ತದೆ, ಒಟ್ಟು ಉದ್ದ 5370ರ ಹತ್ತಿರ ಬಂದು ನಿಲ್ಲುತ್ತದೆ. ಒಂದು ಮಿಲಿಮೀಟರಿಗೆ ಎರಡು ಅಡಿ ಜಾಗ ಹೋಯಿತು! ಗಾರೆ ಕೆಲಸದಲ್ಲಿ ಒಂದು ಮಿಲಿಮೀಟರ್ ಯಾರ ಕಣ್ಣಿಗೂ ಬೀಳದ ವ್ಯತ್ಯಾಸ. ಸ್ಲೈಡರ್ ಎಳೆದವರಿಗೆ ಮೆಟ್ಟಿಲು ತಟ್ಟನೆ ಜಿಗಿದದ್ದು ಕಾಣುತ್ತದೆ, ಅಷ್ಟೆ. ಸ್ಕ್ರಿಪ್ಟ್ ಬರೆದವರು ಆ ಜಿಗಿತ ಯಾವ ಸಾಲಿನಲ್ಲಿ ಹುಟ್ಟಿತೆಂದು ತೋರಿಸಬಲ್ಲರು. 175 ಎಂಬ ಮಿತಿಗೆ ತುಸು ವಿನಾಯಿತಿ ಕೊಡಬೇಕೋ, 630 ಎಂಬ ಮೊತ್ತವನ್ನು ಸಡಿಲಿಸಬೇಕೋ ಎಂದು ತೀರ್ಮಾನಿಸಬಲ್ಲರು. ಆ ತೀರ್ಮಾನವೇ ವಿನ್ಯಾಸ.

ಯಾವುದನ್ನು ಪ್ಯಾರಾಮೀಟರ್ ಮಾಡಬೇಕೆಂಬ ಆಯ್ಕೆಯೂ ಹೀಗೆಯೇ ವಿವೇಚನೆ ಬೇಡುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, 12ನೆಯ ಶತಮಾನದ ದೊಡ್ಡಬಸಪ್ಪ ದೇವಾಲಯವಿದೆ. ಅದರ ವಿಮಾನದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಗಳ ಮೂಲೆಗಳು ಸೇರಿ ಈ ನಕ್ಷತ್ರ ಮೂಡುತ್ತದೆ. ಕೋನವನ್ನೇ ಸ್ಲೈಡರಿಗೆ ಕಟ್ಟಿದರೆ 16 ಡಿಗ್ರಿಯನ್ನೂ ಅದು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಆದರೆ 90 ಡಿಗ್ರಿಯನ್ನು 16 ಸರಿಯಾಗಿ ಭಾಗಿಸದು. ಮೂಲೆಗಳ ನಡುವಿನ ಅಂತರ ಏರುಪೇರಾಗುತ್ತದೆ. ಬದಲಿಗೆ ಚೌಕಗಳ ಸಂಖ್ಯೆಯನ್ನು ಪ್ಯಾರಾಮೀಟರ್ ಮಾಡಿ, ಕೋನವನ್ನು ಅದರಿಂದ ಲೆಕ್ಕ ಹಾಕಿಸಿದರೆ ನಕ್ಷತ್ರ ಕೆಡುವುದೇ ಇಲ್ಲ. ಸಿಡ್ನಿಯ ಒಪೆರಾ ಹೌಸ್‌ನಲ್ಲೂ ಇಂಥದೇ ಆಯ್ಕೆ ಕಟ್ಟಡವನ್ನು ಉಳಿಸಿತು. 1957ರ ಸ್ಪರ್ಧೆಯಲ್ಲಿ ಗೆದ್ದ ಯೋರ್ನ್ ಉಟ್ಸನ್‌ರ ಚಾವಣಿಯನ್ನು ಕಟ್ಟುವ ದಾರಿ ವರ್ಷಗಟ್ಟಲೆ ಸಿಗಲಿಲ್ಲ. 1961ರಲ್ಲಿ ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಲದಿಂದ ಕತ್ತರಿಸಿ ತೆಗೆಯುವುದೆಂದಾಯಿತು. ವಕ್ರತೆ ಒಂದೇ ಆದ್ದರಿಂದ ಅವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಕಾಂಕ್ರೀಟ್ ಸುರಿಯುವುದು ಸಾಧ್ಯವಾಯಿತು. ಬದಲಾಗಬಹುದಾಗಿದ್ದ ಒಂದು ಅಳತೆಯನ್ನು ಸ್ಥಿರಗೊಳಿಸಿದ್ದೇ ಅಲ್ಲಿನ ಜಾಣತನ.

ಇಷ್ಟಕ್ಕೆ ಕೋಡ್ ಏಕೆ, ವಾಸ್ತುಶಿಲ್ಪಿಗಳು ಕಣ್ಣಿನಿಂದ ಯೋಚಿಸುವವರು, ಅವರಿಗೆ ವೈರ್‌ಗಳ ಭಾಷೆಯೇ ಸಹಜ ಎಂಬ ಆಕ್ಷೇಪವಿದೆ. ಸಣ್ಣ ಮಾದರಿಗಳ ಮಟ್ಟಿಗೆ ಇದು ನಿಜ. ಕೆಲಸ ದೊಡ್ಡದಾದಂತೆ ಮಾತು ಬದಲಾಗುತ್ತದೆ. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಡೇವಿಸ್ 2013ರ ತಮ್ಮ ಪಿಎಚ್‌ಡಿ ಪ್ರಬಂಧಕ್ಕಾಗಿ 2,000ಕ್ಕೂ ಹೆಚ್ಚು ಗ್ರಾಸ್‌ಹಾಪರ್ ಮಾದರಿಗಳನ್ನು ಪರಿಶೀಲಿಸಿದರು. ಬಹುಪಾಲು ಮಾದರಿಗಳಿಗೆ ಒಳಗಿನ ಕಟ್ಟೇ ಇರಲಿಲ್ಲ. ಬಿಡಿಭಾಗಗಳಾಗಿ ವಿಂಗಡಿಸದ, ಯಾವುದು ಏನು ಮಾಡುತ್ತದೆಂದು ಹೇಳದ ಮಾದರಿಯನ್ನು ಇನ್ನೊಬ್ಬರು ತಿದ್ದಲಾರರು. ಕೆಲವು ತಿಂಗಳಾದರೆ ಮಾಡಿದವರೂ ತಿದ್ದಲಾರರು. ತಪ್ಪು ವೈರ್‌ಗಳದ್ದಲ್ಲ. ಹೆಸರಿಡುವ, ಭಾಗ ಮಾಡುವ, ಪರೀಕ್ಷಿಸುವ ಶಿಸ್ತು ಕೋಡನ್ನು ಪಠ್ಯರೂಪದಲ್ಲಿ ಬರೆಯುವಾಗ ಬೇಗ ರೂಢಿಯಾಗುತ್ತದೆ. ಅದು ಒಮ್ಮೆ ಬಂದರೆ ಗ್ರಾಸ್‌ಹಾಪರ್‌ನಲ್ಲೂ ನೆರವಿಗೆ ಬರುತ್ತದೆ. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಿಲ್ಲ, ಅನುಕ್ರಮ ಬದಲಾದರೆ ಸಾಕು.

ಸ್ಕ್ರಿಪ್ಟನ್ನು ಈಗ ಕೃತಕ ಬುದ್ಧಿಮತ್ತೆಯೇ ಬರೆದುಕೊಡುವಾಗ ಕಲಿಯುವ ಗೋಜು ಏಕೆ ಎಂಬುದು ಇನ್ನಷ್ಟು ಗಟ್ಟಿಯಾದ ಆಕ್ಷೇಪ. ಬರೆಯುವ ಶ್ರಮ ತಗ್ಗಿದೆ, ಸಂದೇಹವಿಲ್ಲ. ಆದರೆ ಮೆಟ್ಟಿಲಿನ ಸೂತ್ರ ಕೇಳಿದವರಿಗೆ ಸೂತ್ರ ಸಿಗುತ್ತದೆ. 3151ರಲ್ಲಿ ಏನಾಗುತ್ತದೆಂದು ಕೇಳಲು ತೋಚುವುದು ನಿಯಮವನ್ನು ಓದಬಲ್ಲವರಿಗೆ ಮಾತ್ರ. ನಕ್ಷೆಗೆ ಸಹಿ ಹಾಕುವವರು ವಾಸ್ತುಶಿಲ್ಪಿಗಳೇ ಆಗಿರುವ ತನಕ ಆ ಪ್ರಶ್ನೆಯನ್ನು ಹೊರಗಿನವರಿಗೆ ಗುತ್ತಿಗೆ ಕೊಡಲಾಗದು.

ಮೌಲ್ಯಮಾಪನದ ರೀತಿ ಬದಲಾಗದೆ ಕಲಿಕೆ ಬದಲಾಗದು. ಜ್ಯೂರಿಯ ಮುಂದೆ ಮಿನುಗುವ ರೆಂಡರ್‌ಗೇ ಅಂಕ ಸಿಗುವುದಾದರೆ ವಿದ್ಯಾರ್ಥಿಗಳು ರೆಂಡರನ್ನೇ ತರುತ್ತಾರೆ. ಅದರ ಜೊತೆಗೆ ಒಂದು ಪುಟ ಕೇಳಬೇಕು: ನಿಯಮ ಸರಳ ಮಾತಿನಲ್ಲಿ, ಪ್ಯಾರಾಮೀಟರ್‌ಗಳ ಪಟ್ಟಿ, ಪ್ರತಿಯೊಂದನ್ನೂ ಆರಿಸಿದ ಕಾರಣ, ಮಾದರಿ ಮುರಿಯುವ ಅಂಕೆಗಳು. ಆ ಪುಟ ಬರೆಯಲಾಗದವರು ಎಷ್ಟೇ ಸೊಗಸಾದ ಆಕಾರ ತಂದಿದ್ದರೂ ಅದನ್ನು ವಿನ್ಯಾಸ ಮಾಡಿದ್ದಾರೆ ಎನ್ನಲಾಗದು.