ಮರುಳು ಯಾರು? : ಒಂದು ಭಯಾನಕ ಚಿತ್ರಕಥಾ ಸಂಕಲನವನ್ನು ಕುರಿತು

ಚಿತ್ರಕಥೆ ಅಥವಾ ಕಾಮಿಕ್ಸ್ ಎಂಬ ಪ್ರಕಾರವನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ಮಕ್ಕಳ ಓದಿನ ವ್ಯಾಪ್ತಿಗೆ ಬಿಟ್ಟುಕೊಟ್ಟಿದೆ. ಅಮರ ಚಿತ್ರ ಕಥೆಯನ್ನು ಕಟ್ಟಿದ ಅನಂತ ಪೈ (1929–2011) ಕಾರ್ಕಳದಲ್ಲಿ ಹುಟ್ಟಿದವರು ಎಂಬ ಅಭಿಮಾನದ ಮಾತಿನಿಂದ ಮುಂದಕ್ಕೆ ನಮ್ಮ ಚರ್ಚೆ ಹೆಚ್ಚು ಸಾಗಿಲ್ಲ. ಈ ಪ್ರಕಾರದ ಒಂದು ಮುಖ್ಯ ಕೃತಿಯನ್ನು ನಮ್ಮ ರಸವಿಚಾರದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಮೆರಿಕದ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್‌ನ (1890–1937) ವಿಲಕ್ಷಣ ಕಥೆಗಳನ್ನು ಆಧರಿಸಿ ಆಲ್ಬೆರ್ತೊ ಬ್ರೆಚಿಯಾ (1919–1993) 1973ರಿಂದ ರಚಿಸಿದ ಚಿತ್ರಕಥೆಗಳ ಸಂಕಲನವೇ ಆ ಕೃತಿ. ಅದರ ಬಹುಪಾಲು ಕಥೆಗಳನ್ನು ಚಿತ್ರಕ್ಕೆ ಅಳವಡಿಸಿಕೊಟ್ಟವರು ನೊರ್ಬೆರ್ತೊ ಬುಸ್ಕಾಲಿಯಾ.

ಲವ್‌ಕ್ರಾಫ್ಟ್‌ನ ಗದ್ಯದ ಮುಖ್ಯ ತಂತ್ರ ಹೇಳದೆ ಬಿಡುವುದು. ಕಂಡದ್ದು ವರ್ಣನಾತೀತ ಎಂದು ನಿರೂಪಕ ಮತ್ತೆ ಮತ್ತೆ ಹೇಳುತ್ತಾನೆ. ಚಿತ್ರಕಾರನಿಗೆ ಈ ಅನುಕೂಲವಿಲ್ಲ. ಅವನು ಏನನ್ನಾದರೂ ಬರೆದು ತೋರಿಸಲೇಬೇಕು. ಇಂಥ ರೂಪಾಂತರಗಳನ್ನು ಕುರಿತು ಸಾಮಾನ್ಯವಾಗಿ ಏಳುವ ಪ್ರಶ್ನೆ ಇದೇ. ಆದರೆ ಇದಕ್ಕಿಂತ ಆಳವಾದ ಪ್ರಶ್ನೆಯೊಂದಿದೆ: ಇಲ್ಲಿ ಭಯದ ಆಲಂಬನವಾಗಿ ನಿಲ್ಲಿಸಲ್ಪಟ್ಟವರು ಯಾರು?

‘ದ ಶ್ಯಾಡೊ ಓವರ್ ಇನ್ಸ್‌ಮತ್’ ಎಂಬ ಕಥೆಯನ್ನು ಪರಿಶೀಲಿಸಬಹುದು. 1931ರಲ್ಲಿ ಬರೆಯಲ್ಪಟ್ಟು 1936ರಲ್ಲಿ ಪ್ರಕಟವಾದ ಇದು ಬ್ರೆಚಿಯಾ ಆರಿಸಿಕೊಂಡ ಕಥೆಗಳಲ್ಲೊಂದು. ಹಳೆಯ ಕಟ್ಟಡಗಳನ್ನು ನೋಡುತ್ತ ತಿರುಗುವ ಯುವಕನೊಬ್ಬ ಪಾಳುಬಿದ್ದ ಬಂದರು ಊರಿಗೆ ಬರುತ್ತಾನೆ. ಮೀನಿನ ವಾಸನೆ, ಎವೆಯಿಕ್ಕದ ಕಣ್ಣು, ಬೇರೆಯೇ ಎನಿಸುವ ಮುಖಚರ್ಯೆ ಇವು ಅವನಲ್ಲಿ ಹೇಸಿಕೆ ಹುಟ್ಟಿಸುತ್ತವೆ. ಊರವರು ಸಮುದ್ರದ ಜೀವಿಗಳೊಡನೆ ರಕ್ತಸಂಬಂಧ ಬೆಳೆಸಿದವರೆಂದು ತಿಳಿದು ಅವನು ರಾತ್ರೋರಾತ್ರಿ ಓಡಿಹೋಗುತ್ತಾನೆ. ಅವನ ದೂರಿನ ಮೇಲೆ ಸರ್ಕಾರ ಊರಿನ ಮೇಲೆ ದಾಳಿ ಮಾಡಿ ಜನರನ್ನು ಸಾಗಿಸುತ್ತದೆ. ಕೊನೆಯಲ್ಲಿ ತಾನೂ ಅದೇ ವಂಶದವನೆಂದು ಅವನಿಗೆ ಗೊತ್ತಾಗುತ್ತದೆ.

ಭರತನು ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಎನ್ನುತ್ತಾನೆ. ಸಾಳ್ವನ ‘ರಸರತ್ನಾಕರ’ದವರೆಗೆ ಕನ್ನಡದ ಲಾಕ್ಷಣಿಕರೂ ಈ ಎರಡು ರಸಗಳನ್ನು ಬೇರೆ ಬೇರೆಯಾಗಿಯೇ ಎಣಿಸಿದ್ದಾರೆ. ಒಂದರ ಸ್ಥಾಯಿ ಜುಗುಪ್ಸೆ, ಇನ್ನೊಂದರದು ಭಯ. ಇನ್ಸ್‌ಮತ್ ಕಥೆಯ ಬಹುಭಾಗದಲ್ಲಿ ಭಯವೆಂದು ತೋರುವುದು ವಸ್ತುತಃ ಜುಗುಪ್ಸೆ. ಅದರ ಮೂಲವನ್ನು ಲೇಖಕನ ಜೀವನದಲ್ಲಿಯೇ ಕಾಣಬಹುದು. 1924ರಿಂದ 1926ರವರೆಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದಾಗ ಅವನು ವಲಸಿಗರನ್ನು ಕುರಿತು ಪತ್ರಗಳಲ್ಲಿ ತಿರಸ್ಕಾರದ ಮಾತುಗಳನ್ನು ಬರೆದನು. ‘ದ ಹಾರರ್ ಅಟ್ ರೆಡ್ ಹುಕ್’ (1927) ಎಂಬ ಕಥೆಯಲ್ಲಿ ಬಂದರಿನ ವಲಸಿಗರ ಕೇರಿಯೇ ಪಿಶಾಚಲೋಕವಾಗಿದೆ. ಈ ಕಥೆಯನ್ನೇ ಕರಿಯ ನಾಯಕನ ಕಣ್ಣಿನಿಂದ ತಿರುಗಿ ಹೇಳುವ ಕೆಲಸವನ್ನು ವಿಕ್ಟರ್ ಲವಾಲ್ 2016ರ ‘ದ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಕಾದಂಬರಿಯಲ್ಲಿ ಮಾಡಿದ್ದಾರೆ.

ಠಾಣೆ ಜಿಲ್ಲೆಯ ಕನ್ನಡ ಓದುಗನಿಗೆ ಇದು ದೂರದ ಸಂಗತಿಯಲ್ಲ. ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರು ಬಂದರು ನಗರಿಯ ಅಂಚಿಗೆ ದುಡಿಮೆಯನ್ನರಸಿ ಬಂದವರು. ರೆಡ್ ಹುಕ್ ಕಥೆಯ ದೃಷ್ಟಿಯಲ್ಲಿ ನಾವು ಪಿಶಾಚಗಳ ಪಕ್ಷದವರು. ಆದರೆ ಇನ್ಸ್‌ಮತ್ ಕಥೆಯನ್ನು ನವಿ ಮುಂಬಯಿಯಲ್ಲಿ ಕುಳಿತು ಓದಿದಾಗ ನಮ್ಮ ಸ್ಥಾನ ಬದಲಾಗುತ್ತದೆ. ಠಾಣೆಯಿಂದ ವಾಶಿಗೆ ಹೋಗುವ ಲೋಕಲ್ ರೈಲಿನಲ್ಲಿ ಐರೋಲಿ, ರಬಾಳೆ, ಘಣಸೋಲಿ, ಕೋಪರ್‌ಖೈರಣೆ, ತುರ್ಭೆ ಎಂಬ ನಿಲ್ದಾಣಗಳು ಬರುತ್ತವೆ. ಇವೆಲ್ಲ ಹಳೆಯ ಹಳ್ಳಿಗಳ ಹೆಸರು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ಹೊಸ ನಗರಕ್ಕಾಗಿ 95 ಹಳ್ಳಿಗಳ ಭೂಮಿ ಯೋಜನೆಗೆ ಒಳಪಟ್ಟಿತು. ಅಲ್ಲಿದ್ದವರು ಬಹುತೇಕ ಆಗರಿ ಮತ್ತು ಕೋಲಿ ಸಮುದಾಯದ ರೈತರು, ಮೀನುಗಾರರು, ಉಪ್ಪಿನ ಆಗರದವರು. 1984ರ ಜನವರಿಯಲ್ಲಿ ಉರಣ ಬಳಿಯ ಜಾಸಯಿ ಪರಿಸರದ ಚಳವಳಿಯಲ್ಲಿ ರೈತರು ಗುಂಡಿಗೆ ಬಲಿಯಾದರು. ಗೋಪುರದಂಥ ಕಟ್ಟಡಗಳ ನಡುವೆ ಗಾವಠಾಣಗಳು ಇಂದಿಗೂ ಉಳಿದಿವೆ. ಕಲ್ಪಿತ ಕಥೆಯನ್ನೂ ಈ ಚರಿತ್ರೆಯನ್ನೂ ಸಮೀಕರಿಸುವುದು ಸಾಧುವಲ್ಲ. ಆದರೂ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಗಾವಠಾಣವನ್ನು ದಾಟುವ ಹೊಸ ನಿವಾಸಿಗೂ ಆ ಯುವಕನಿಗೂ ಇರುವ ಹೋಲಿಕೆಯನ್ನು ಅಲ್ಲಗಳೆಯಲಾಗದು. ಮುಂಬಯಿ ಕನ್ನಡ ಲೋಕದಲ್ಲಿಯೇ ಕಡಲ ಮಕ್ಕಳ ಒಂದು ಪರಂಪರೆಯಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ 1902ರಲ್ಲಿಯೇ ಸ್ಥಾಪನೆಯಾಯಿತು. ನಮ್ಮವರೇ ಅಂಥ ಕಥೆಯನ್ನು ಓದುವಾಗ ಯಾವ ಪಾತ್ರದಲ್ಲಿ ತಮ್ಮನ್ನು ಕಾಣಬೇಕು?

ಬ್ರೆಚಿಯಾ ಅವರ ಸಾಧನೆ ಸ್ಪಷ್ಟವಾಗುವುದು ಈ ಹಿನ್ನೆಲೆಯಲ್ಲಿ. ಉರುಗ್ವೆಯ ಮೊಂಟೆವಿಡಿಯೊದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ಬ್ಯೂನಸ್ ಐರಿಸ್‌ಗೆ ಬಂದು, ಕಸಾಯಿಖಾನೆಗಳ ಬಡಾವಣೆಯಾದ ಮತಾದೆರೊಸ್‌ನಲ್ಲಿ ಬೆಳೆದು, ಅಲ್ಲಿ ಕೂಲಿ ಮಾಡಿದವರು. ದುರ್ವಾಸನೆಯೊಡನೆ ಬದುಕುವ ಜನರನ್ನು ಅವರು ಹೊರಗಿನಿಂದ ಬಲ್ಲವರಲ್ಲ. ಈ ಸಂಕಲನದಲ್ಲಿ ಅವರು ರೇಖೆಯನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು ಮಸಿಯ ಕಲೆ, ಅಂಟಿಸಿದ ಕಾಗದ, ಹರಡಿದ ಛಾಯೆಗಳಿಂದ ಚಿತ್ರವನ್ನು ಕಟ್ಟುತ್ತಾರೆ. ಭೀಕರವಾದದ್ದು ಸಮೀಪಿಸಿದಂತೆ ಆಕಾರವೇ ಕರಗುತ್ತದೆ. ಹೇಸಲು ನಿರ್ದಿಷ್ಟ ಮುಖವೊಂದು ಸಿಗದಾದಾಗ ಜುಗುಪ್ಸೆಗೆ ಆಲಂಬನ ತಪ್ಪಿ ಭಯ ಮಾತ್ರ ಉಳಿಯುತ್ತದೆ. ಇದೇ ಕಥೆಯನ್ನು ಜಪಾನಿನ ಗೌ ತನಾಬೆ ಕೂಡ ಚಿತ್ರಿಸಿದ್ದಾರೆ. ಅವರ ಕುಶಲತೆ ಅಸಾಧಾರಣವಾದದ್ದು. ಪ್ರತಿಯೊಂದು ಸುಕ್ಕೂ ಅಲ್ಲಿ ಸ್ಪಷ್ಟ. ಆದರೆ ಆ ಸ್ಪಷ್ಟತೆಯೇ ಮೂಲದ ಹೇಸಿಕೆಯನ್ನು ಕಾಪಾಡಿಕೊಡುತ್ತದೆ. ಬ್ರೆಚಿಯಾ ಕೂಡ ಕಥಾಸರಣಿಯನ್ನು ಬದಲಿಸಿಲ್ಲ ಎಂಬ ಆಕ್ಷೇಪವನ್ನು ಒಪ್ಪಬೇಕು. ಸರ್ಕಾರ ಸಾಗಿಸಿದ ಜನರ ಪಾಡೇನಾಯಿತೆಂದು ಅವರ ಚಿತ್ರಗಳೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳುವ ಮಾದರಿ ಕನ್ನಡದಲ್ಲಿ ಸಾವಿರ ವರ್ಷಗಳಿಂದ ಇದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ರಣಭೂಮಿಯಲ್ಲಿ ನಡೆದುಹೋಗುತ್ತಾನೆ. ರಕ್ತ, ಕರುಳು, ಮರುಳುಗಳ ಕೂಟ ಎಲ್ಲವೂ ಅಲ್ಲಿವೆ, ಬೀಭತ್ಸಕ್ಕೆ ಕೊರತೆಯಿಲ್ಲ. ಆದರೆ ರನ್ನನ ಮರುಳುಗಳಿಗೆ ಬಾಯಿ ಇದೆ. ಅವು ಕುರುಪತಿಯನ್ನು ಹಂಗಿಸುತ್ತವೆ. ಮರುಳು ಎಂದರೆ ಪಿಶಾಚವೂ ಹೌದು, ಬುದ್ಧಿಗೇಡಿಯೂ ಹೌದು. ಆ ಶ್ಲೇಷದ ಬಲದಿಂದ ನಮ್ಮಿಬ್ಬರಲ್ಲಿ ಮರುಳು ಯಾರು ಎಂಬ ಪ್ರಶ್ನೆ ಅರಸನ ಎದುರಿಗೇ ನಿಲ್ಲುತ್ತದೆ. ಹೆಣದ ರಾಶಿಗೆ ಕಾರಣನಾದವನು ಹೆಣ ತಿನ್ನುವವರನ್ನು ಕಂಡು ಹೇಸುವ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ. ಲವ್‌ಕ್ರಾಫ್ಟ್ ಕಥೆಯ ಕೊನೆಯ ಪುಟಗಳಲ್ಲಿ, ಯುವಕ ತನ್ನ ವಂಶವನ್ನು ಅರಿತಾಗ ಮಾತ್ರ, ತಾನು ಬಯಸದೆಯೂ ಈ ನೆಲೆಗೆ ಬರುತ್ತಾನೆ. ರನ್ನ ಅದನ್ನು ಬಲ್ಲವನಾಗಿಯೇ ಬರೆದಿದ್ದಾನೆ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಕೆಲಸ ಕಾದಿದೆ. ವಿಲಕ್ಷಣ ಕಥೆಗಳನ್ನು ಕನ್ನಡ ಚಿತ್ರಕಥೆಗೆ ತರುವವರು ಅವುಗಳ ಭೂತಗಳನ್ನು ಮಾತ್ರ ತಂದರೆ ಅವುಗಳ ಹೇಸಿಕೆಯನ್ನೂ ಅರಿವಿಲ್ಲದೆ ಹೊತ್ತು ತಂದಂತಾಗುತ್ತದೆ. ಬ್ರೆಚಿಯಾ ಅವರಿಂದ ಮುಖವನ್ನು ಕರಗಿಸುವ ಕಲೆಯನ್ನು ಕಲಿಯಬಹುದು. ಮರುಳಿಗೆ ಮಾತು ಕೊಡುವ ಕ್ರಮವನ್ನು ಮಾತ್ರ ರನ್ನನಿಂದ ಕಲಿಯಬೇಕು. ಗದಾಯುದ್ಧದ ಆ ರಣಭೂಮಿಯ ಭಾಗವನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡುವ ಅಧ್ಯಯನದಿಂದ ಇದನ್ನು ಆರಂಭಿಸಬಹುದು.