ಸಂಗ್ರಹವೂ ಪ್ರಮಾದವೂ

ಜನರ ಸಾಲದ ಇತಿಹಾಸವನ್ನು ಸಂಗ್ರಹಿಸಿ, ವಿಶ್ಲೇಷಿಸಿ, ಮಾರುವುದೇ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ವ್ಯವಹಾರ. 2017ರಲ್ಲಿ ಸುಮಾರು 14.8 ಕೋಟಿ ಜನರ ವಿವರಗಳು ಅಲ್ಲಿಂದ ಅಪಹೃತವಾದವು. ಆ ಕುರಿತು ಅಲ್ಲಿನ ಪ್ರತಿನಿಧಿ ಸಭೆಯ ಮೇಲ್ವಿಚಾರಣಾ ಸಮಿತಿಯಿಂದ 2018ರ ಡಿಸೆಂಬರಿನಲ್ಲಿ ಹೊರಬಂದ ವರದಿಯು ವ್ಯಾಪಾರಿಗಳೆಲ್ಲರೂ ಓದತಕ್ಕುದು.

ವರದಿಯ ಗುಣ ಅದರ ನಿಷ್ಠುರತೆ. ತಂತ್ರಾಂಶದ ದೋಷಕ್ಕೆ ಪರಿಹಾರವು ಮಾರ್ಚಿನಲ್ಲಿಯೇ ದೊರೆತಿತ್ತು; ಎಲ್ಲೆಡೆ ಅಳವಡಿಸಲಿಲ್ಲ. ಗೂಢಲಿಪಿಯಲ್ಲಿ ಸಾಗುವ ಮಾಹಿತಿಯನ್ನು ಪರೀಕ್ಷಿಸುವ ಉಪಕರಣವಿತ್ತು. ಅದರ ಪ್ರಮಾಣಪತ್ರದ ಅವಧಿ ಮುಗಿದು 19 ತಿಂಗಳಾಗಿತ್ತು. ಕಳ್ಳರು 76 ದಿನ ಒಳಗಿದ್ದರು. ಪ್ರಮಾಣಪತ್ರವನ್ನು ನವೀಕರಿಸಿದೊಡನೆ ಕಳವಿನ ಸುಳಿವು ಸಿಕ್ಕಿತು. ಹಿಂಸೆಗೆ ಮೂಲವೆಂದು ನಮ್ಮ ಆಚಾರ್ಯರು ಎಚ್ಚರಿಸಿದ ಪ್ರಮಾದವೆಂದರೆ ಇದೇ.

ಆದರೆ ಒಂದು ಕೊರತೆಯಿದೆ. ಮಾಹಿತಿಯ ಅತಿಸಂಗ್ರಹವನ್ನು ವರದಿ ಗುರುತಿಸಿದರೂ ಅದನ್ನು ಮುಖ್ಯವಾಗಿ ನಿರ್ವಹಣೆಯ ತೊಡಕೆಂದೇ ಕಾಣುತ್ತದೆ. ಹೇಗೆ ಕಾಯಬೇಕೆಂಬುದನ್ನು ವಿಸ್ತರಿಸುವಷ್ಟು, ಎಷ್ಟು ಇಟ್ಟುಕೊಳ್ಳಬೇಕೆಂಬುದನ್ನು ವಿಚಾರಿಸುವುದಿಲ್ಲ. ಶ್ರಾವಕನ ಪರಿಗ್ರಹಪರಿಮಾಣವ್ರತ ಆರಂಭವಾಗುವುದೇ ಈ ಎರಡನೆಯ ಪ್ರಶ್ನೆಯಿಂದ. ಧನಧಾನ್ಯಗಳಿಗೆ ಮಿತಿ ಹಾಕಿಕೊಂಡವನು ಅನ್ಯರ ವಿವರಗಳ ಸಂಗ್ರಹಕ್ಕೆ ಮಿತಿಯಿಲ್ಲವೆನ್ನಬಹುದೆ?

ಈ ಪ್ರಶ್ನೆ ನಮ್ಮ ಬಸದಿಗಳ ಟ್ರಸ್ಟ್‌ಗಳಿಗೂ ಸಲ್ಲುತ್ತದೆ. ತೆರಿಗೆ ವಿನಾಯಿತಿಯ ರಸೀತಿಗೆ ದಾನಿಯ ಪ್ಯಾನ್ ಸಂಖ್ಯೆ ಬೇಕು, ನಿಜ. ಆದರೆ ಯಾತ್ರಿನಿವಾಸದಲ್ಲಿ ಒಂದು ರಾತ್ರಿ ತಂಗಿದವರ ಆಧಾರ್ ಪ್ರತಿಯನ್ನು, ಕಾನೂನಿನ ಅಗತ್ಯ ತೀರಿದ ಮೇಲೂ ಗಣಕದಲ್ಲಿ ಇರಿಸಿಕೊಳ್ಳುವುದೇಕೆ? ಹೊಸ ರಕ್ಷಣಾ ತಂತ್ರಾಂಶವನ್ನು ಕೊಳ್ಳುವ ಮೊದಲು, ಬೇಡವಾದುದನ್ನು ಅಳಿಸುವ ನಿರ್ಣಯವನ್ನು ಟ್ರಸ್ಟಿನ ಸಭೆಯಲ್ಲಿ ಕೈಗೊಳ್ಳುವುದು ಉಚಿತ. ನಮ್ಮಲ್ಲಿ ಇಲ್ಲದುದನ್ನು ಯಾರೂ ಕದಿಯಲಾರರು.